ಪೇಷಂಟ್ ಕಡೆಯವರು

ಕ್ಲಿನಿಕಲ್ ಟ್ರಯಲ್‌ಗೆ ಸೇರುವವರ ಒಪ್ಪಿಗೆ ಪತ್ರದಲ್ಲಿ ನಾಮಿನಿಯ ಹೆಸರಿಗೊಂದು ಜಾಗವಿದೆ. ಬ್ಯಾಂಕಿನಲ್ಲಿ, ಎಲ್‌ಐಸಿಯಲ್ಲಿ ಬರೆಸಿಕೊಳ್ಳುತ್ತಾರಲ್ಲ, ಅಂಥದ್ದೇ. ಟ್ರಯಲ್‌ನ ಕಾರಣದಿಂದ ರೋಗಿ ತೀರಿಕೊಂಡರೆ ಪರಿಹಾರದ ಹಣ ಯಾರ ಕೈ ಸೇರಬೇಕು ಎಂಬುದನ್ನು ಮೊದಲ ಮಾತ್ರೆ ನುಂಗುವುದಕ್ಕೆ ಮುಂಚೆಯೇ ತುಂಬಬೇಕು. ಅದರ ಆಸುಪಾಸಿನಲ್ಲಿ ರೋಗಿಯ ವಿದ್ಯಾಭ್ಯಾಸ, ಉದ್ಯೋಗ, ವರ್ಷದ ಆದಾಯ. ನಮ್ಮತ್ತೆ ವಿದ್ಯಾಭ್ಯಾಸಕ್ಕೆ "ಎಂತದೂ ಇಲ್ಲ" ಎಂದರು. ಉದ್ಯೋಗಕ್ಕೆ "ಮನೆ, ತೋಟ, ಕೊಟ್ಟಿಗೆ, ಯಾವ್ದಾರೂ ಒಂದು ಬರ್ಕಳಿ" ಎಂದರು. ಆದಾಯ ಕೇಳಿದಾಗ ನಕ್ಕರು. ಆಪರೇಷನ್ ಆದಮೇಲೆ ಅವರ ನಗು ಎಡಗಡೆಗಷ್ಟೇ ಹೋಗುತ್ತಿತ್ತು. ನಾಮಿನಿ ಎಂದಾಗ ಮಾವನ ಹೆಸರು ಬರುತ್ತದೆಂದು ಟ್ರಯಲ್‌ನ ಕೋಆರ್ಡಿನೇಟರ್ ಪೆನ್ನು ಊರಿಯಾಗಿತ್ತು. ಅತ್ತೆ ನನ್ನ ಕಡೆ ಕೈ ತೋರಿಸಿದರು.

"ಸೊಸೆನಾ?" ಎಂದು ಅವರು ಇನ್ನೊಮ್ಮೆ ಕೇಳಿದರು.

"ಹೌದು. ಇಲ್ಲಿಗೆ ಓಡಾಡೋಳು ಇವಳೇ ಅಲ್ದಾ? ಅವ್ರಿಗೆಲ್ಲ ಇಲ್ಲಿ ಲಿಫ್ಟ್ ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಸಾಗರ ತಾಲೂಕಿನಲ್ಲಿ ಅವರ ಮನೆ. ದೀವರ ಮನೆತನ, ಒಂದಿಷ್ಟು ಗದ್ದೆ, ಒಂದಿಷ್ಟು ಅಡಿಕೆ. ಎಲೆಯಡಿಕೆಗೆ ಹೊಗೆಸೊಪ್ಪಿನ ಚೂರು ಸೇರಿಸಿ ದವಡೆಯಲ್ಲಿಟ್ಟುಕೊಳ್ಳುವುದು ಅವರಿಗೆ ಅವರಮ್ಮನಿಂದ ಬಂದದ್ದು. ನಾನು ಬೆಂಗಳೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು; ಮಕ್ಕಳಿಗೆ ತಂಬಾಕಿನ ಕೆಡುಕಿನ ಚಾರ್ಟ್ ಬರೆಸುತ್ತಿದ್ದವಳು. ತಂಬಾಕು ಬಿಡಿ, ಬರೀ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಹಾಕಿದೆ. ಈ ಮಾತನ್ನು ನಮ್ಮೂರ ಕಡೆ ಜೋರಾಗಿ ಹೇಳುವ ಹಾಗಿಲ್ಲ. ಮನೆಯ ಸಾಲ ತೀರಿದ್ದು, ನನ್ನ ಗಂಡ ಇಂಜಿನಿಯರಿಂಗ್ ಓದಿದ್ದು, ಅತ್ತೆಯ ಆಪರೇಷನ್ನಿಗೆ ಮಾವ ಕಟ್ಟು ತಂದಿಟ್ಟದ್ದು ಎಲ್ಲವೂ ಅಡಿಕೆಯ ದುಡ್ಡೇ.

ಬಲಗೆನ್ನೆಯ ಒಳಗಿನ ಹುಣ್ಣು ಮಾಯದೆ ಬೆಂಗಳೂರಿಗೆ ಕರೆತಂದಾಗ ಮನೆಯವರೆಲ್ಲ ಸೇರಿ ಅವರಿಗೆ ಕಾಯಿಲೆಯ ಹೆಸರು ಹೇಳಬಾರದೆಂದು ತೀರ್ಮಾನಿಸಿದ್ದರು. ಕೆನ್ನೆ ತೆಗೆದು ಎದೆಯ ಮಾಂಸದ ತುಂಡನ್ನು ಅಲ್ಲಿಗೆ ಹೊಲಿದರು, ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಇಳಿಸಿದೆವು, ರೇಡಿಯೇಷನ್ನಿಗೆ ಮುಖ ಕಪ್ಪಾಯಿತು. ಅಷ್ಟು ದಿನವೂ ಅದು "ಹುಣ್ಣು" ಆಗಿಯೇ ಉಳಿಯಿತು. ಅವರೂ ಕೇಳಲಿಲ್ಲ. ವರ್ಷ ತುಂಬುವುದರೊಳಗೆ ಕುತ್ತಿಗೆಯಲ್ಲಿ ಗಂಟು ಎದ್ದಾಗ ಡಾಕ್ಟರು ಇನ್ನೊಮ್ಮೆ ಕತ್ತರಿಸಲಾಗದು ಎಂದು ಹೇಳಿ, ಒಂದು ಟ್ರಯಲ್ ನಡೆಯುತ್ತಿದೆ, ಸೇರುವುದಾದರೆ ನೋಡಿ ಎಂದರು. ಆದರೆ ಅದಕ್ಕೆ ರೋಗಿಗೇ ಎಲ್ಲವೂ ತಿಳಿದಿರಬೇಕು. ಮಗ ಸಹಿ ಹಾಕಿದರೆ ನಡೆಯುವುದಿಲ್ಲ.

ನನ್ನ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡಿದರು. ಊರಿನಿಂದ ನಾದಿನಿ ಫೋನಿನಲ್ಲಿ ಅತ್ತಳು. ಕೊನೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ಕೇಳಿಸಿಕೊಂಡು, "ರೇಡಿಯೇಷನ್ ಕೊಡೋ ಕೋಣೆ ಎದುರಿಗೆ ಕೂತಿದ್ದೋರೆಲ್ಲ ಅದೇ ಮಾತಾಡ್ತಿದ್ರು ಮಾರಾಯ್ತಿ. ನೀವು ಹೇಳೋದಿಲ್ಲ ಅಂತ ನಾನೂ ಸುಮ್ನಿದ್ದೆ" ಎಂದರು.

ಕನ್ನಡದಲ್ಲಿದ್ದ ಆ ಮಾಹಿತಿ ಪತ್ರ ನಮ್ಮ ಶಾಲೆಯ ಪಠ್ಯದ ಒಂದು ಪಾಠಕ್ಕಿಂತ ಉದ್ದವಿತ್ತು. ಓದು ಬಾರದವರು ಸೇರುವಾಗ, ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಓದಿ ಹೇಳುವ ಉದ್ದಕ್ಕೂ ಕುಳಿತಿದ್ದು ಸಹಿ ಹಾಕಬೇಕೆಂಬುದು ನಿಯಮ. ಪಕ್ಕದ ಬೆಂಚಿನಲ್ಲಿ ತಮ್ಮನನ್ನು ಕರೆತಂದಿದ್ದ ಶಿಡ್ಲಘಟ್ಟದ ಕಡೆಯ ಒಬ್ಬರು ಬಂದು ಕುಳಿತರು. ರೇಷ್ಮೆ ನೂಲು ತೆಗೆಯುವ ಕೆಲಸ, ಬಿಸಿನೀರಿನಲ್ಲಿ ಬೆಂದ ಬೆರಳುಗಳು. ನಾವು ಯಾರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು: "ಮಧ್ಯದಾಗೆ ಬೇಡ ಅಂತ ಬಿಟ್ರೆ ಈಯಮ್ಮಂಗೆ ಇಲ್ಲಿ ನೋಡ್ತೀರೋ, ಆಚೆಗೆ ಹಾಕ್ತೀರೋ?" ಯಾವಾಗ ಬೇಕಾದರೂ ಕಾರಣ ಕೊಡದೆ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಕೋಆರ್ಡಿನೇಟರ್ ಪತ್ರದಲ್ಲಿದ್ದ ಸಾಲನ್ನೇ ತೋರಿಸಿದರು. ಶಿಡ್ಲಘಟ್ಟದವರು ಅದನ್ನು ಎರಡು ಸಲ ಓದಿಕೊಂಡು ಸಹಿ ಹಾಕಿದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಪತ್ರದ ಒಂದು ಪ್ರತಿ ನಮಗೆ. ಅದರಲ್ಲಿ ಆಸ್ಪತ್ರೆಯ ನೀತಿ ಸಮಿತಿಯ ಫೋನ್ ನಂಬರೂ ಇತ್ತು. ಕನಿಷ್ಠ ಏಳು ಜನರಿರಬೇಕಾದ, ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರಿರಬೇಕಾದ ಸಮಿತಿ. ಡಾಕ್ಟರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಅದರಲ್ಲಿರಬೇಕು. ಆ ನಂಬರನ್ನು ಮೊಬೈಲಿಗೆ ಸೇರಿಸಿಕೊಂಡೆ. ಕರೆ ಮಾಡುವ ಪ್ರಸಂಗ ಬರಲಿಲ್ಲ, ಆದರೂ ಇತ್ತು ಎಂಬುದು ಒಂದು ಧೈರ್ಯ.

ಸಹಿ ಹಾಕಿದ ಮಾತ್ರಕ್ಕೆ ಸೇರಿದಂತಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಇಷ್ಟಿರಬೇಕು, ಕಿಡ್ನಿ ಹೀಗಿರಬೇಕು, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಗಟ್ಟಿಯಿರಬೇಕು. ಆ ವಾರವಿಡೀ ನಮ್ಮ ಮನೆಯಲ್ಲಿ ನುಗ್ಗೆಸೊಪ್ಪು, ಬೀಟ್‌ರೂಟು. ಮಕ್ಕಳ ಪರೀಕ್ಷೆಗೂ ನಾನು ಹಾಗೆ ಹೆದರಿದವಳಲ್ಲ. ರಿಪೋರ್ಟು ಬಂದಮೇಲೆ ಕಂಪ್ಯೂಟರು ಗುಂಪು ಹಂಚುತ್ತದೆ. ಎರಡೂ ಗುಂಪಿಗೆ ಮಾತ್ರೆ ಉಂಟು. ಒಂದು ಗುಂಪಿಗೆ ಅದರ ಜೊತೆಗೆ ಇನ್ನೊಂದು ಔಷಧಿ. ಯಾರಿಗೆ ಯಾವುದು ಎಂಬುದು ಡಾಕ್ಟರ ಕೈಯಲ್ಲೂ ಇಲ್ಲ. ಇದನ್ನು ಅತ್ತೆಗೆ ಹೇಗೆ ವಿವರಿಸುವುದೆಂದು ನಾನು ಶಾಲೆಯ ನಾಣ್ಯ ಚಿಮ್ಮುವ ಲೆಕ್ಕ ನೆನಪಿಸಿಕೊಳ್ಳುತ್ತಿದ್ದರೆ, ಅವರೇ ಹೇಳಿದರು: "ದೇವ್ರ ಹತ್ರ ಪ್ರಸಾದ ಕೇಳ್ದಂಗೆ. ಹೂ ಬಲಕ್ಕೆ ಬೀಳುತ್ತೋ ಎಡಕ್ಕೋ. ಭಟ್ರು ಬೀಳ್ಸೋ ಹಂಗಿಲ್ಲ." ಇದಕ್ಕಿಂತ ಚೆನ್ನಾಗಿ ನಾನು ಒಂಬತ್ತನೇ ತರಗತಿಗೂ ಹೇಳಲಾರೆ.

ಹೂ ಎಡಕ್ಕೆ ಬಿತ್ತು. ಬರೀ ಮಾತ್ರೆಯ ಗುಂಪು.

ಮನೆಯಲ್ಲಿ ಆಗಿದ್ದು ಸಣ್ಣ ಗಲಾಟೆಯಲ್ಲ. ಹೊಸ ಔಷಧಿ ಸಿಗುತ್ತದೆಂದು ತಾನೇ ಒಪ್ಪಿದ್ದು ಎಂದು ನನ್ನ ಗಂಡ. ಹಾಗಾದರೆ ಬಿಟ್ಟುಬಿಡಿ ಎಂದು ನಾದಿನಿ. ಊರಿನ ಮಾತು ಇನ್ನೂ ಬೇರೆ. ಬೆಂಗಳೂರಿನ ಸೊಸೆ ಅತ್ತೆಯನ್ನು ಇಲಿಯ ಹಾಗೆ ಪ್ರಯೋಗಕ್ಕೆ ಕೊಟ್ಟಿದ್ದಾಳೆ ಎಂದು ಯಾರೋ ಮದುವೆ ಮನೆಯಲ್ಲಿ ಆಡಿದ್ದು ನನ್ನವರೆಗೂ ಬಂತು. ಮಗಳು ಕರೆದುಕೊಂಡು ಹೋಗಿದ್ದರೆ ಅದು ಸೇವೆ, ಸೊಸೆಯಾದರೆ ಅದಕ್ಕೆ ಬೇರೆ ಅರ್ಥ. ಹಾಗೆಂದು ಜನರ ಅನುಮಾನ ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಈ ದೇಶದಲ್ಲಿ ಬಡವರಿಗೆ ಏನೆಂದು ಹೇಳದೆ ಟ್ರಯಲ್‌ಗೆ ಸೇರಿಸಿಕೊಂಡ ಆರೋಪಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಹೂಡಿದ ದಾವೆಯ ಬಿಸಿಗೆ 2013ರಲ್ಲಿ ನಿಯಮಗಳು ಬಿಗಿಯಾದವು; ನಾಮಿನಿಯ ಆ ಸಾಲು, ಪರಿಹಾರದ ಕಟ್ಟುಪಾಡು ಆ ಹೊತ್ತಿನವು. 2019ರಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳೆಂದೇ ಬೇರೆ ಬಂದವು. ಮದುವೆ ಮನೆಯಲ್ಲಿ ಇದನ್ನೆಲ್ಲ ಯಾರಿಗೆ ಹೇಳುವುದು?

ನಾನು ಗಂಡನಿಗೆ ಹೇಳಿದ್ದು ಬೇರೆ ಸಂಗತಿ. ಅತ್ತೆಗೆ ಸಿಕ್ಕ "ಬರೀ ಮಾತ್ರೆ" ಆಕಾಶದಿಂದ ಉದುರಿದ್ದಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 422 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಸಿಸ್‌ಪ್ಲಾಟಿನ್ ಇಂಜೆಕ್ಷನ್, ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಎಂಬ ಕಡಿಮೆ ಬೆಲೆಯ ಮಾತ್ರೆಗಳು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇಂಜೆಕ್ಷನ್ನಿನವರ ಮಧ್ಯಮ ಆಯುಷ್ಯ 6.1 ತಿಂಗಳು, ಮಾತ್ರೆಯವರದು 7.5. ಆಮೇಲೆ ಅದೇ ಆಸ್ಪತ್ರೆಯವರು 151 ಜನರಲ್ಲಿ ಇನ್ನೊಂದನ್ನು ನೋಡಿದರು. ಒಂದು ಗುಂಪಿಗೆ ಮೂರು ಬಗೆಯ ಮಾತ್ರೆ, ಇನ್ನೊಂದಕ್ಕೆ ಅವೇ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಎಂಬ ದುಬಾರಿ ಔಷಧಿ. ಅದೂ ಮಾಮೂಲಿ ಪ್ರಮಾಣವಲ್ಲ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ. ವರ್ಷದ ಕೊನೆಗೆ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 16.3, ಔಷಧಿ ಸೇರಿದ ಗುಂಪಿನಲ್ಲಿ 43.4. ಪತ್ರಿಕೆಗಳು ಬರೆದದ್ದು ಎರಡನೆಯ ಅಂಕಿಯನ್ನು. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯೇ ಇಲ್ಲ. ಆ 16.3ರ ಗುಂಪಿನಲ್ಲೂ ಯಾರದೋ ಅತ್ತೆ, ಯಾರದೋ ಅಣ್ಣ ಇದ್ದರು. ಅವರನ್ನು ಪರೇಲಿನ ಆ ಆಸ್ಪತ್ರೆಯವರೆಗೆ ರೈಲು ಹತ್ತಿಸಿ ಕರೆತಂದವರಿದ್ದರು. ಹೂ ಎಡಕ್ಕೆ ಬಿದ್ದಮೇಲೂ ಕರೆತಂದರು.

ನಾವಿದ್ದದ್ದು ಬೇರೆ ಟ್ರಯಲ್, ಆದರೆ ವಾದ ಅದೇ. ಗಂಡ ಒಪ್ಪಿದರೋ ಸುಸ್ತಾದರೋ ತಿಳಿಯದು. ಅತ್ತೆ ಮಾತ್ರ, "ಬರೀ ಮಾತ್ರೆ ಆದ್ರೆ ಸೂಜಿ ಚುಚ್ಚೋದು ತಪ್ತು" ಎಂದು ಮುಗಿಸಿದರು.

ಕೆಲಸ ಶುರುವಾದದ್ದು ಅಲ್ಲಿಂದ. ಸೆಲೆಕಾಕ್ಸಿಬ್ ದಿನಾ ಎರಡು ಹೊತ್ತು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ನಾವು ಗುರುವಾರ ಇಟ್ಟುಕೊಂಡೆವು. ವಾರದ ಈ ಮಾತ್ರೆಯನ್ನು ಗೊತ್ತಾಗದೆ ದಿನಾ ನುಂಗಿ ರಕ್ತಕಣ ಇಳಿದು ಸತ್ತವರಿದ್ದಾರೆ. ಫಾರ್ಮಸಿಯವರು ಕವರಿನ ಮೇಲೆ ಕೆಂಪು ಶಾಯಿಯಲ್ಲಿ "ಗುರುವಾರ ಮಾತ್ರ" ಎಂದು ಬರೆದುಕೊಟ್ಟರು. ಕೆಂಪಾಗಲಿ ಕಪ್ಪಾಗಲಿ, ಓದು ಬಾರದವರಿಗೆ ಎರಡೂ ಒಂದೇ. ಆ ಸ್ಟ್ರಿಪ್‌ಗಳು ನನ್ನ ಬೀರುವಿನಲ್ಲಿ, ನನ್ನ ಸೀರೆಗಳ ನಡುವೆ ಇದ್ದವು. ಗುರುವಾರ ಶಾಲೆಗೆ ಹೊರಡುವ ಮೊದಲು ಎಣಿಸಿ ಕೊಡುತ್ತಿದ್ದೆ. ಮಿಕ್ಕ ಮಾತ್ರೆ, ಖಾಲಿ ಸ್ಟ್ರಿಪ್ ಎಲ್ಲವನ್ನೂ ಮುಂದಿನ ಭೇಟಿಗೆ ವಾಪಸು ಒಯ್ಯಬೇಕು. ಅಲ್ಲಿ ಎಣಿಸಿ ಬರೆದುಕೊಳ್ಳುತ್ತಾರೆ. ನುಂಗಿದ ದಿನಕ್ಕೆ ಡೈರಿಯಲ್ಲಿ ಗುರುತು. ಅತ್ತೆ ಆ ಚೌಕದಲ್ಲಿ ನನ್ನ ಹಾಗೆ ಟಿಕ್ ಹಾಕುತ್ತಿರಲಿಲ್ಲ, ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದ ಅಡ್ಡಗೆರೆ ಉದ್ದಗೆರೆ ಕೂಡಿಸಿ ಒಂದು ಸಣ್ಣ ಬಲೆ ಎಳೆಯುತ್ತಿದ್ದರು. ಮಾನಿಟರ್ ಎಂದು ಕಂಪನಿಯ ಕಡೆಯಿಂದ ಫೈಲು ನೋಡಲು ಬಂದವರೊಬ್ಬರು ಇದೇನು ಎಂದು ಕೇಳಿದರಂತೆ. ರೋಗಿಯೇ ತನ್ನ ಕೈಯಾರೆ ಮಾಡಿದ ಗುರುತು ಎಂದು ಕೋಆರ್ಡಿನೇಟರ್ ಬದಿಯಲ್ಲಿ ಟಿಪ್ಪಣಿ ಬರೆದು ಸಹಿ ಹಾಕಬೇಕಾಯಿತು.

ಈ ಮೆಥೊಟ್ರೆಕ್ಸೇಟಿನ ಮನೆತನದ ಕಥೆ ನನಗೆ ಪಾಠ ಹೇಳುವವಳಾಗಿ ಗೊತ್ತಿತ್ತು, ಸೀರೆಗಳ ನಡುವೆ ಇಟ್ಟುಕೊಂಡಮೇಲೆ ಅದು ಬೇರೆಯೇ ಆಯಿತು. ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಲೆಡರ್ಲೆ ಕಂಪನಿಯ ಪ್ರಯೋಗಶಾಲೆಯಲ್ಲಿದ್ದಾಗ ಅವರ ತಂಡ ಫೋಲಿಕ್ ಆಮ್ಲಕ್ಕೆ ಎದುರು ನಿಲ್ಲುವ ರಾಸಾಯನಿಕಗಳನ್ನು ತಯಾರಿಸಿತು. ಅವುಗಳಲ್ಲಿ ಅಮಿನಾಪ್ಟೆರಿನ್ ಎಂಬುದನ್ನು ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಅದೇ ಕುಟುಂಬದ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್. ಸುಬ್ಬರಾವ್ ಆ ವರ್ಷವೇ ತೀರಿಕೊಂಡರು. ಇದನ್ನು ಅತ್ತೆಗೆ ಹೇಳಿದಾಗ ಸುಬ್ಬರಾಯರ ಬಗ್ಗೆ ಕೇಳಲಿಲ್ಲ. "ಆ ಮಕ್ಕಳಿಗೆ ಮಾತ್ರೆ ನುಂಗಿಸ್ದೋರು ಯಾರು, ಅವ್ರ ಅಮ್ಮಂದಿರಾ?" ಎಂದರು. ಪುಸ್ತಕದಲ್ಲಿ ಅದಿಲ್ಲ.

ಕೆಲವು ವಾರ ಕಳೆದಮೇಲೆ ಅತ್ತೆ ಊಟ ಕಡಿಮೆ ಮಾಡಿದರು. ಕೇಳಿದರೆ ಹಸಿವಿಲ್ಲ ಎನ್ನುವರು. ಬಾಯಿ ಮೊದಲೇ ಎರಡು ಬೆರಳಿನಷ್ಟು ತೆರೆಯುತ್ತಿದ್ದದ್ದು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಹಿಗ್ಗಿಸುವ ವ್ಯಾಯಾಮವನ್ನು ದಿನಾ ಮಾಡುತ್ತಿದ್ದವರು ಅದನ್ನೂ ನಿಲ್ಲಿಸಿದರು. ಒಂದು ರಾತ್ರಿ ಟಾರ್ಚು ಹಿಡಿದು ನೋಡಿದೆ. ನಾಲಿಗೆಯ ಬದಿಗೆಲ್ಲ ಹಸಿ ಹುಣ್ಣು. ಮಜ್ಜಿಗೆ ತಾಗಿದರೂ ಕಣ್ಣಲ್ಲಿ ನೀರು.

"ಆಸ್ಪತ್ರೆಲಿ ಹೇಳ್ಬೇಡ," ಅಂದರು. "ಹೇಳಿದ್ರೆ ಹೆಸ್ರು ತೆಗೀತಾರೆ."

ಆಗ ನನ್ನ ಮುಂದೆ ಇದ್ದ ಪ್ರಶ್ನೆ ಸಣ್ಣದಲ್ಲ. ಅವರ ಹೆದರಿಕೆ ಕುರುಡಲ್ಲ. ತೊಂದರೆ ಒಂದು ಮಟ್ಟ ದಾಟಿದರೆ ಮಾತ್ರೆ ನಿಲ್ಲಿಸುತ್ತಾರೆ, ಪ್ರಮಾಣ ಇಳಿಸುತ್ತಾರೆ, ತೀರಾ ಆದರೆ ಟ್ರಯಲ್‌ನಿಂದ ಹೊರಗೆ. ಪ್ರತಿ ಅಡ್ಡಪರಿಣಾಮಕ್ಕೂ ಒಂದರಿಂದ ಐದರವರೆಗೆ ದರ್ಜೆಯುಂಟು. ಐದು ಎಂದರೆ ಸಾವು. ಬಾಯಿಹುಣ್ಣಿನ ನೋವಿನಿಂದ ಊಟವೇ ಆಗದಿದ್ದರೆ ಮೂರು. ಕಾರಿಡಾರಿನಲ್ಲಿ ಎಷ್ಟೋ ಮನೆಯವರು ಇದನ್ನು ಪಿಸುಗುಟ್ಟುವುದನ್ನು ಕೇಳಿದ್ದೇನೆ: ಭೇದಿ ಅಂತ ಹೇಳಬೇಡಿ, ಜ್ವರ ನಿನ್ನೆಯೇ ಬಿಟ್ಟಿತು ಅನ್ನಿ. ಅವರನ್ನು ದೂರುವ ಮನಸ್ಸು ನನಗಿಲ್ಲ. ಇರುವ ಒಂದು ಬಾಗಿಲೂ ಮುಚ್ಚೀತೆಂಬ ಭಯಕ್ಕೆ ಸುಳ್ಳು ಹೇಳುವುದು ಪ್ರೀತಿಯೇ. ಆದರೆ ಆ ಹುಣ್ಣು ನಮ್ಮತ್ತೆಯ ಬಾಯಲ್ಲಿ ಮಾತ್ರ ಇರುವುದಲ್ಲ. ನಾಳೆ ಅದೇ ಮಾತ್ರೆ ಬರೆಸಿಕೊಳ್ಳುವ ಹೆಂಗಸಿಗೆ ಡಾಕ್ಟರು ಏನು ಹೇಳಬೇಕು ಎಂಬುದು ಆ ಟಾರ್ಚಿನ ಬೆಳಕಿನಲ್ಲಿ ಕಂಡದ್ದರ ಮೇಲೆ ನಿಂತಿದೆ. ಅದಕ್ಕೂ ದೊಡ್ಡ ಮಾತೆಂದರೆ, ಹುಣ್ಣಿದ್ದೂ ಮುಂದಿನ ಗುರುವಾರದ ಮಾತ್ರೆ ನುಂಗಿಸಿದರೆ ಇವರ ಜೀವಕ್ಕೇ ಕುತ್ತು. ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವ ಡಾಕ್ಟರಿಗೆ ಇದು ಕಾಣುವುದಿಲ್ಲ. ತಾಟಿನಲ್ಲಿ ಅನ್ನ ಉಳಿದದ್ದು ಕಾಣುವುದು ತಾಟು ತೊಳೆಯುವವರಿಗೆ.

ಬೆಳಗ್ಗೆ ಅವರ ಎದುರಿನಲ್ಲೇ ಫೋನ್ ಮಾಡಿ ಹೇಳಿದೆ. ಅವರ ಬೆನ್ನ ಹಿಂದೆ ಹೇಳಲು ಮನಸ್ಸಾಗಲಿಲ್ಲ. ಕರೆದುಕೊಂಡು ಬನ್ನಿ ಎಂದರು. ಆಟೋದಲ್ಲಿ ಅತ್ತೆ ಮುಖ ತಿರುಗಿಸಿ ಕೂತಿದ್ದರು. ರಕ್ತ ನೋಡಿದರು, ಮಾತ್ರೆ ನಿಲ್ಲಿಸಿದರು, ಬಾಯಿ ಮುಕ್ಕಳಿಸಲು ಔಷಧಿ ಕೊಟ್ಟರು, ಹುಣ್ಣು ಮಾಗಿದಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಹೆಸರು ತೆಗೆಯಲಿಲ್ಲ. ಆದರೂ ನಾಲ್ಕಾರು ದಿನ ನನ್ನೊಡನೆ ಮಾತಿಲ್ಲ. ಮೊಮ್ಮಗಳ ಹತ್ತಿರ "ನಿಮ್ಮಮ್ಮಂಗೆ ಹೇಳು, ಗಂಜಿ ತೆಳ್ಳಗಿರಲಿ" ಎಂದು ಹೇಳಿಸುತ್ತಿದ್ದರು.

ಪ್ರಶ್ನಾವಳಿಯ ತಮಾಷೆ ಬೇರೆ. ಬದುಕಿನ ಗುಣಮಟ್ಟ ಅಳೆಯುವ ಮೂವತ್ತು ಪ್ರಶ್ನೆಗಳ ಒಂದು ಹಾಳೆ, ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಮಾಡಿದ್ದು, ಕನ್ನಡದಲ್ಲೂ ಇದೆ. ಅದರ ಜೊತೆಗೆ ತಲೆ ಕುತ್ತಿಗೆಯವರಿಗೆ ಇನ್ನಷ್ಟು. ಕಳೆದ ವಾರ ಸುಸ್ತಾಗಿತ್ತೇ, ನಿದ್ದೆ ಬಂತೇ, ದುಡ್ಡಿನ ತೊಂದರೆಯಾಯಿತೇ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಇಲ್ಲವೇ ಇಲ್ಲ ಎಂಬಲ್ಲಿಂದ ತುಂಬಾ ಎಂಬವರೆಗೆ ನಾಲ್ಕು. ಉತ್ತರ ರೋಗಿಯದೇ ಇರಬೇಕು, ಮನೆಯವರು ಸೂಚಿಸಬಾರದು ಎಂದು ಮೊದಲೇ ಎಚ್ಚರಿಸಿರುತ್ತಾರೆ. ಕೋಆರ್ಡಿನೇಟರ್ ಓದುತ್ತಾ ಹೋದರೆ ಅತ್ತೆ ಎಲ್ಲದಕ್ಕೂ "ಇಲ್ಲ, ಎಂತದೂ ಇಲ್ಲ". ಹೊರಗಿನವರು ಹೇಗಿದ್ದೀರಿ ಎಂದರೆ ಆರಾಮು ಅನ್ನುವುದೇ ಮರ್ಯಾದೆ. ರಾತ್ರಿಯೆಲ್ಲ ಕೂತು ಬೆಳಗು ಮಾಡಿದವರು ನಿದ್ದೆಗೆ ತೊಂದರೆ "ಇಲ್ಲವೇ ಇಲ್ಲ" ಎನ್ನುವಾಗ ನಾನು ತುಟಿ ಕಚ್ಚಿಕೊಂಡು ಕೂರಬೇಕು. ಆಮೇಲಾಮೇಲೆ ಕೋಆರ್ಡಿನೇಟರ್ ನನ್ನನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಕೇಳತೊಡಗಿದರು. ಬಾಗಿಲಾಚೆ ಬಹಳ ಹೊತ್ತು ಮಾತು. ಸಂಸಾರಕ್ಕೆ ತನ್ನ ಕಾಯಿಲೆಯಿಂದ ತೊಂದರೆಯಾಗಿದೆಯೇ ಎಂಬ ಪ್ರಶ್ನೆಗೆ ಅವರೇನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೂ ಸರಿಯೇ.

ನನ್ನನ್ನು ಆ ಫೈಲು ಏನೂ ಕೇಳಲಿಲ್ಲ. ರೋಗಿಯನ್ನು ನೋಡಿಕೊಳ್ಳುವವರ ಹೊರೆ ಅಳೆಯುವ ಪ್ರಶ್ನೆಗಳನ್ನು ಝಾರಿಟ್ ಎಂಬ ಅಮೆರಿಕದ ಸಂಶೋಧಕರು 1980ರಲ್ಲೇ ಪ್ರಕಟಿಸಿದ್ದಾರೆಂದು ಆಮೇಲೆ ಓದಿದೆ. ಕೇಳಿದ್ದರೆ ನಾನೂ ಬಹುಶಃ "ಇಲ್ಲವೇ ಇಲ್ಲ" ಅನ್ನುತ್ತಿದ್ದೆ. ಸಹೋದ್ಯೋಗಿಗಳು ಪೀರಿಯಡ್ ಬದಲಾಯಿಸಿಕೊಟ್ಟರು, ಗಂಡ ರಾತ್ರಿಯ ಪಾಳಿ ವಹಿಸಿಕೊಂಡರು, ಮಾವ ಊರಿನಲ್ಲಿ ತಾವೇ ಅನ್ನ ಬೇಯಿಸಿಕೊಂಡು ತೋಟಕ್ಕೆ ಮಂಗ ಕಾದರು. ಅಡಿಕೆ ಕೊಯ್ಲಿನ ಮಧ್ಯೆ ರಾತ್ರಿ ರೈಲಿನಲ್ಲಿ ಬಂದು ಹೆಂಡತಿಯ ಪಕ್ಕ ಒಂದು ದಿನ ಸುಮ್ಮನೆ ಕೂತು ಹೋಗುತ್ತಿದ್ದರು. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಭಾಗ. ಒಬ್ಬರೇ ಬರುವ ಗಂಡನಿಗೆ ಅದು ಇಲ್ಲ ಎಂದು ಅವರಿಗೆ ಸಣ್ಣ ಸಿಟ್ಟಿತ್ತು.

ನಾದಿನಿ ಒಂದು ಸಲ ಬರುವಾಗ ಚಕ್ಕೆಯ ಪೊಟ್ಟಣ ತಂದಳು. ಸಾಗರ ತಾಲೂಕಿನದೇ ನರಸೀಪುರದ ನಾಟಿ ಔಷಧಿ. ಅದಕ್ಕಾಗಿ ದೇಶದ ಮೂಲೆಮೂಲೆಯಿಂದ ಬಂದು ರಾತ್ರಿಯಿಡೀ ಸಾಲು ನಿಲ್ಲುವುದನ್ನು ನಾವು ಚಿಕ್ಕಂದಿನಿಂದ ನೋಡಿದವರು. ಅವಳೂ ನಿಂತು ತಂದಿದ್ದಳು. ಆದರೆ ಟ್ರಯಲ್‌ನಲ್ಲಿರುವಾಗ ಒಂದು ಕಷಾಯ ಕುಡಿದರೂ ತಿಳಿಸಬೇಕು. ಯಾವುದು ಯಾವುದರ ಜೊತೆ ಸೇರಿ ಏನು ಮಾಡುತ್ತದೋ, ಕಿಡ್ನಿ ಕೆಟ್ಟರೆ ದೂರು ಯಾವ ಔಷಧಿಯ ಮೇಲೋ. "ನಿಂಗೆ ಅವ್ರ ಕಾಗ್ದನೇ ಹೆಚ್ಚು, ಅಮ್ಮ ಅಲ್ಲ" ಎಂದಳು. ನಾನು ಪೊಟ್ಟಣವನ್ನೇ ಒಯ್ದು ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಈಗ ಬೇಡ, ಮಾತ್ರೆ ನಿಲ್ಲಿಸಿದಮೇಲೆ ನಿಮ್ಮಿಷ್ಟ ಎಂದು ಹೇಳಿ ಬರೆದುಕೊಂಡರು. ಅದನ್ನು ಡಾಕ್ಟರ ಬಾಯಲ್ಲೇ ನಾದಿನಿಗೆ ಫೋನಿನಲ್ಲಿ ಹೇಳಿಸಿದೆ. ನಾನು ಹೇಳಿದ್ದರೆ ಅದು ಅತ್ತಿಗೆಯ ಮಾತಾಗುತ್ತಿತ್ತು.

ಭೂಮಿ ಹುಣ್ಣಿಮೆ ಬಂತು. ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬ. ಅದಕ್ಕೆ ಮೊದಲು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ದೀವರ ಹೆಂಗಸರ ಕೆಲಸ. ಅತ್ತೆಯ ಕೈ ಊರಿಗೇ ಹೆಸರಾದದ್ದು. ಹೋಗಲೇಬೇಕೆಂದರು. ಭೇಟಿಯ ದಿನ ಹುಣ್ಣಿಮೆಯ ಮರುದಿನ. ಮೂರು ದಿನ ಹಿಂದೆ ಮುಂದೆ ಆಗಬಹುದೆಂದು ನಿಯಮದಲ್ಲೇ ಇತ್ತು. ಕೋಆರ್ಡಿನೇಟರಿಗೆ ಹಬ್ಬ ಎಂಥದೆಂದು ವಿವರಿಸಿ ಒಂದಿಷ್ಟು ಮುಂದಕ್ಕೆ ಹಾಕಿಸಿದೆ. "ಅಲ್ಲಿ ಏನಾದರೂ ಆಗಿ ಯಾವ ಆಸ್ಪತ್ರೆಗೆ ಸೇರಿಸಿದರೂ ಮೊದಲು ನನಗೆ ಫೋನ್ ಮಾಡಿ, ನಡುರಾತ್ರಿಯಾದರೂ. 24 ಗಂಟೆಯೊಳಗೆ ನಾವು ವರದಿ ಮಾಡಬೇಕು" ಎಂದರು. ಏನೂ ಆಗಲಿಲ್ಲ. ಅತ್ತೆ ಜಗಲಿಯಲ್ಲಿ ಗೋಡೆಗೊರಗಿ, ಪುಂಡಿ ನಾರಿನ ಕುಂಚ ಹಿಡಿದು ಒಂದು ಬುಟ್ಟಿ ಬರೆದರು. ದೊಡ್ಡ ಬುಟ್ಟಿಯನ್ನು ನಾದಿನಿ ಬರೆಯುವಾಗ ಗೆರೆ ಡೊಂಕಾದಲ್ಲೆಲ್ಲ ಬೈದರು. ನನಗೂ ಕುಂಚ ಕೊಟ್ಟರು. ನನ್ನ ಗೆರೆ ನೋಡಿ ಕೊಂಚ ಹೊತ್ತು ಸುಮ್ಮನಿದ್ದು, "ನೀನು ಮಾತ್ರೆ ಎಣ್ಸು" ಅಂದರು.

ಎರಡನೆಯ ಸ್ಕ್ಯಾನಿನಲ್ಲಿ ಗಡ್ಡೆ ಹಾಗೇ ಇತ್ತು. ಅದಕ್ಕೇ ಸಿಹಿ ಮಾಡಿದೆವು. ಮುಂದಿನದರಲ್ಲಿ ಬೆಳೆದಿತ್ತು. ಗಡ್ಡೆಗಳ ಅಳತೆ ಕೂಡಿಸಿ, ಅತಿ ಕಡಿಮೆ ಇದ್ದಾಗಿನದಕ್ಕಿಂತ ನೂರಕ್ಕೆ ಇಪ್ಪತ್ತು ಹೆಚ್ಚಾದರೆ ರೋಗ ಮುಂದುವರಿದಿದೆ ಎಂದು ಲೆಕ್ಕ. ಅದಾದಮೇಲೆ ಟ್ರಯಲ್‌ನ ಮಾತ್ರೆ ಇಲ್ಲ. ಡಾಕ್ಟರು ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ, ಅವರ ಮುಖವನ್ನೇ ನೋಡಿ, "ನಾನು ಕೊಟ್ಟ ಲೆಕ್ಕ ಎಲ್ಲ ಸರಿ ಇತ್ತಾ?" ಎಂದು ಕೇಳಿದರು. ಸರಿ ಇತ್ತು ಅಮ್ಮಾ ಎಂದರು. ಊರಿಗೆ ಕರೆದುಕೊಂಡು ಹೋದೆವು. ನೋವಿಗೆ ಮಾರ್ಫಿನ್ ಮಾತ್ರೆ ಬರೆಸಿಕೊಂಡು, ಹೇಗೆ ಕೊಡುವುದೆಂದು ಕೇಳಿಕೊಂಡು ಹೋದದ್ದು ಒಳ್ಳೆಯದಾಯಿತು. ಈ ಸಲ ಎಣಿಸಿದವಳು ನಾದಿನಿ. ಡೈರಿಯನ್ನು ಯಾರೂ ಕೇಳದಿದ್ದರೂ ಬರೆದಿಟ್ಟಿದ್ದಳು.

ಮಾತ್ರೆ ನಿಂತರೂ ಟ್ರಯಲ್ ರೋಗಿಯನ್ನು ಬಿಡುವುದಿಲ್ಲ. ಎಷ್ಟು ದಿನ ಬದುಕಿದರು ಎಂಬುದೇ ಕೊನೆಯ ಉತ್ತರವಾದ್ದರಿಂದ ಫೋನ್ ಬರುತ್ತಲೇ ಇರುತ್ತದೆ. ರೋಗಿಗಲ್ಲ, ಮನೆಯವರಿಗೆ. ಹೇಗಿದ್ದಾರೆ ಎಂದು ಕೇಳುವ ಆ ದನಿ ಎಷ್ಟು ಮೆತ್ತಗಿದ್ದರೂ ಕೇಳುತ್ತಿರುವುದು ಇದ್ದಾರೋ ಇಲ್ಲವೋ ಎಂದೇ. ಕೆಲವು ಮನೆಯವರು ಆ ನಂಬರು ಕಂಡರೆ ಎತ್ತುವುದಿಲ್ಲವಂತೆ. ನನಗೆ ಅದೂ ಅರ್ಥವಾಗುತ್ತದೆ.

ಮಳೆಗಾಲದಲ್ಲಿ ಫೋನ್ ಬಂದಾಗ ಅತ್ತೆಯ ಹನ್ನೊಂದನೆಯ ದಿನವೂ ಮುಗಿದಿತ್ತು. ದಿನಾಂಕ ಬೇಕೆಂದರು. ಭಾನುವಾರದ ತಾರೀಖು ಹೇಳಿದೆ. ಪಕ್ಕದಲ್ಲಿದ್ದ ಮಾವ ತಡೆದರು: "ಭಾನುವಾರ ಎಲ್ಲಿ? ಶನಿವಾರ." ಜೀವ ಹೋದದ್ದು ನಸುಕಿನ ಮೂರು ಗಂಟೆಗೆ. ಹೊತ್ತು ಮೂಡುವವರೆಗೆ ಹಿಂದಿನ ದಿನವೇ ಎಂಬುದು ಮಾವನ ಲೆಕ್ಕ. ಹನ್ನೆರಡು ಹೊಡೆದರೆ ಮುಂದಿನ ದಿನ ಎಂಬುದು ಫೈಲಿನದು. ನಾನು ಫೋನಿಗೆ ಕೈ ಅಡ್ಡ ಹಿಡಿದು ಮಾವನಿಗೆ ಹೇಳಲು ನೋಡಿದೆ. ಅವರು ಒಪ್ಪಲಿಲ್ಲ. "ಅವಳು ದಿನಾ ಗುರುತು ಹಾಕಿ ಕೊಟ್ಟವಳು, ನೀನು ತಪ್ಪು ಬರೆಸ್ಬೇಡ." ಆ ಕಡೆಯವರು ಎಲ್ಲವನ್ನೂ ಕೇಳಿಸಿಕೊಂಡು, ಎರಡೂ ಬರೆದುಕೊಳ್ಳುತ್ತೇನೆ, ಗಂಟೆ ಹೇಳಿ, ಮರಣ ಪ್ರಮಾಣಪತ್ರ ಬಂದಮೇಲೆ ಅದರ ಫೋಟೋ ಕಳಿಸಿ ಎಂದರು. ಮಾವನ ಕೈಗೆ ಫೋನ್ ಕೊಟ್ಟೆ. ಅವರು ಮೂರು ಗಂಟೆ ಹತ್ತು ನಿಮಿಷ ಎಂದು ಹೇಳಿ, ಮಳೆ ಹಿಡಿದಿತ್ತು, ಕರೆಂಟಿರಲಿಲ್ಲ, ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಿಡಿದು ನೋಡಿದ್ದು ತಾವೇ ಎಂದರು. ಪ್ರಮಾಣಪತ್ರದಲ್ಲಿ ಭಾನುವಾರವೇ ಬಂತು, ಅದನ್ನೇ ಕಳಿಸಿದೆ. ತಿಥಿಯನ್ನು ನಾವು ಶನಿವಾರದ ಲೆಕ್ಕದಲ್ಲಿ ಮಾಡುತ್ತೇವೆ.